ಮೂರು ವಾರದ ವಾಯಿದೆ

1841ರ ಆಗಸ್ಟ್ ತಿಂಗಳ ಒಂದು ಬೆಳಗ್ಗೆ. ಅಮೆರಿಕದ ಬಾಸ್ಟನ್ ನಗರದ ಪೊಲೀಸ್ ನ್ಯಾಯಾಲಯ. ಲಾಕಪ್ಪಿನ ಕಡೆಯ ಬಾಗಿಲು ತೆರೆದು ಒಬ್ಬ ಅಧಿಕಾರಿ ಒಳಗೆ ಬಂದ. ಅವನ ಬೆನ್ನಿಗೆ ಚಿಂದಿ ಬಟ್ಟೆ ತೊಟ್ಟ, ನೋಡಿದವರು ಅಯ್ಯೋ ಎನ್ನುವಂಥ ಒಬ್ಬ ಮನುಷ್ಯ. ಬಂದವನು ಕೈದಿಗಳಿಗೆಂದು ಹಾಕಿದ್ದ ಬೆಂಚಿನ ಮೇಲೆ ಕುಳಿತ. ಗುಮಾಸ್ತ ದೂರು ಓದಿದ. ‘ಕಾಮನ್ ಡ್ರಂಕರ್ಡ್’ ಎಂಬುದು ಆರೋಪ. ಕುಡಿತವನ್ನೇ ಕಸುಬು ಮಾಡಿಕೊಂಡವನು ಎಂದು ಇಟ್ಟುಕೊಳ್ಳೋಣ. ಇಂಥ ದಿನ ಇಂಥ ಕೃತ್ಯ ಎಸಗಿದ ಎಂಬುದಕ್ಕಿಂತ, ಇಂಥ ಮನುಷ್ಯನಾಗಿದ್ದಾನೆ ಎಂಬುದೇ ಅಲ್ಲಿ ಅಪರಾಧ. ಸಾಕ್ಷ್ಯಕ್ಕೆ ಕೊರತೆ ಇರಲಿಲ್ಲ, ಆರೋಪ ರುಜುವಾತಾಯಿತು. ಇನ್ನು ಉಳಿದಿದ್ದು ಶಿಕ್ಷೆ. ಅದೂ ಎಲ್ಲರಿಗೂ ಗೊತ್ತಿದ್ದದ್ದೇ: ‘ಹೌಸ್ ಆಫ್ ಕರೆಕ್ಷನ್’, ಅಕ್ಷರಶಃ ಹೇಳಿದರೆ ತಿದ್ದುವ ಮನೆ. ಹೆಸರಿಗೆ ಮನೆ, ಉಳಿದಂತೆ ಜೈಲು. ನಮ್ಮ ರಾಜ್ಯದ ಕಾರಾಗೃಹ ಇಲಾಖೆಯ ಹೆಸರಿನಲ್ಲೂ ‘ಸುಧಾರಣಾ ಸೇವೆಗಳು’ ಸೇರಿಕೊಂಡಿದೆ. ಹೆಸರಿಡುವುದರಲ್ಲಿ ಸರ್ಕಾರಗಳು ಎಲ್ಲೆಡೆಯೂ ಉದಾರಿಗಳು.

ಶಿಕ್ಷೆ ಹೇಳುವ ಮೊದಲು, ಪ್ರೇಕ್ಷಕರ ಸಾಲಿನಲ್ಲಿದ್ದ ಒಬ್ಬ ವ್ಯಕ್ತಿ ಎದ್ದು ಹೋಗಿ ಕೈದಿಯ ಹತ್ತಿರ ಒಂದೆರಡು ಮಾತಾಡಿದರು. ಐವತ್ತೈದು ದಾಟಿದ ವಯಸ್ಸು, ಬೂಟು ಮಾಡಿ ಮಾರುವ ವೃತ್ತಿ, ಹೆಸರು ಜಾನ್ ಆಗಸ್ಟಸ್. ವಕೀಲರಲ್ಲ, ಪಾದ್ರಿಯಲ್ಲ, ಕೈದಿಯ ನೆಂಟರೂ ಅಲ್ಲ. ಆ ಜೈಲೊಂದು ತಪ್ಪಿದರೆ ಇನ್ನೆಂದೂ ಹೆಂಡ ಮುಟ್ಟುವುದಿಲ್ಲ ಎಂದ ಕೈದಿ. ಈ ಮಾತನ್ನು ಯಾವ ಕುಡುಕ ತಾನೇ ಹೇಳುವುದಿಲ್ಲ? ಆದರೆ ಅವನ ದನಿಯಲ್ಲಿ, ನೋಟದಲ್ಲಿ ಆಗಸ್ಟಸ್‌ಗೆ ಏನೋ ಕಂಡಿತು. ನ್ಯಾಯಾಲಯದ ಅನುಮತಿ ಕೇಳಿ ಅವನಿಗೆ ತಾವೇ ಜಾಮೀನು ನಿಂತರು. ಮೂರು ವಾರ ಕಳೆದು ಬಂದು ಶಿಕ್ಷೆ ಕೇಳಿಸಿಕೊಳ್ಳಬೇಕು ಎಂದು ನ್ಯಾಯಾಧೀಶರು ದಿನ ಗೊತ್ತು ಮಾಡಿದರು.

ಕೋರ್ಟಿನ ಬಳಕೆಯಲ್ಲಿ ಇದಕ್ಕೆ ನಾವು ವಾಯಿದೆ ಎನ್ನುತ್ತೇವೆ. ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಲ್ಲಿ ಕರಿಕೋಟು ಸವೆಸಿದ ನನಗೆ ಈ ಪದದ ಮೇಲೆ ಅಂಥ ಪ್ರೀತಿಯೇನಿಲ್ಲ. ವಾಯಿದೆ ಮೇಲೆ ವಾಯಿದೆ ಬಿದ್ದು, ಕಕ್ಷಿದಾರನ ಬಸ್ ಖರ್ಚೇ ಕೇಸಿನ ಖರ್ಚನ್ನು ಮೀರುವುದನ್ನು ಕಂಡಿದ್ದೇನೆ. ಆದರೆ ಬಾಸ್ಟನ್ನಿನ ಆ ಒಂದು ವಾಯಿದೆಯಿಂದ, ಅಪರಾಧಿಯನ್ನು ಜೈಲಿಗೆ ಹಾಕದೆ ನಿಗಾದಲ್ಲಿ ಹೊರಗೇ ಬಿಡುವ ‘ಪ್ರೊಬೇಷನ್’ ಎಂಬ ಏರ್ಪಾಡು ಹುಟ್ಟಿಕೊಂಡಿತು. ಈಗ ಅದು ಜಗತ್ತಿನ ಅನೇಕ ದೇಶಗಳಲ್ಲಿದೆ, ನಮ್ಮ ಕಾನೂನು ಪುಸ್ತಕದಲ್ಲೂ ಇದೆ. ಅದಕ್ಕಾಗಿಯೇ ಈ ಪ್ರಕರಣವನ್ನು ಬಿಡಿಸಿ ನೋಡಬೇಕು ಎನಿಸಿತು. ಇದರ ಮೂಲ ದಾಖಲೆ ಒಂದೇ: 1852ರಲ್ಲಿ ಆಗಸ್ಟಸ್ ಹತ್ತು ವರ್ಷದ ತಮ್ಮ ಕೆಲಸದ ಬಗ್ಗೆ ಅಚ್ಚು ಹಾಕಿಸಿದ ವರದಿ. ಅದರಲ್ಲಿ ಈ ಮನುಷ್ಯನಿಗೆ ಸಿಕ್ಕಿರುವುದು ಒಂದು ಪ್ಯಾರಾದಷ್ಟು ಜಾಗ. ಅವನ ಹೆಸರನ್ನು ಆಗಸ್ಟಸ್ ಬರೆದಿಲ್ಲ.

ಬೂಟಿನವರಿಗೆ ಕೋರ್ಟಿನಲ್ಲಿ ಏನು ಕೆಲಸ ಎಂದು ಕೇಳಬಹುದು. ಹಿಂದಿನ ವರ್ಷವಷ್ಟೇ, 1840ರಲ್ಲಿ, ಬಾಲ್ಟಿಮೋರ್ ನಗರದಲ್ಲಿ ಆರು ಮಂದಿ ಕುಡುಕರು ಸೇರಿ ಕುಡಿತ ಬಿಡುವ ಸಂಘವೊಂದನ್ನು ಕಟ್ಟಿಕೊಂಡಿದ್ದರು. ಜಾರ್ಜ್ ವಾಷಿಂಗ್ಟನ್ ಹೆಸರಿನ ಆ ಚಳವಳಿ ಕಾಳ್ಗಿಚ್ಚಿನಂತೆ ಹಬ್ಬಿತು. ಪಾದ್ರಿಯ ಉಪದೇಶದ ಬದಲು, ಬಿಟ್ಟವನು ಬಿಡಬೇಕಾದವನಿಗೆ ತನ್ನ ಕಥೆ ಹೇಳುವುದು, ಆಮೇಲೆ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿಸುವುದು ಅದರ ಪದ್ಧತಿ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ ನೋಡಿದವರಿಗೆ, ಶಿಬಿರ ಮುಗಿಸಿದವರೇ ಊರಿನಲ್ಲಿ ನವಜೀವನ ಸಮಿತಿ ಮಾಡಿಕೊಂಡು ಒಬ್ಬರನ್ನೊಬ್ಬರು ಕಾಯುವುದನ್ನು ಕಂಡವರಿಗೆ, ಇದು ಹೊಸತೆನಿಸುವುದಿಲ್ಲ. ಆಗಸ್ಟಸ್ ಬಾಸ್ಟನ್ನಿನ ಅಂಥ ಸಂಘದ ಸದಸ್ಯರು. ಅವರ ಅಂಗಡಿ ಪೊಲೀಸ್ ನ್ಯಾಯಾಲಯದಿಂದ ಕೂಗಳತೆಯಲ್ಲಿತ್ತು. ಬೆಳಗಾದರೆ ಅದೇ ಬೀದಿಯಲ್ಲಿ ಕುಡುಕರನ್ನು ಎಳೆದು ತರುತ್ತಿದ್ದರು, ತಿದ್ದುವ ಮನೆಗೆ ಕಳುಹಿಸುತ್ತಿದ್ದರು. ಒಳಗೆ ಹೋದವರು ಕೆಲವು ತಿಂಗಳಲ್ಲಿ ಹೊರಬಂದು ಮತ್ತೆ ಅದೇ ಬೆಂಚಿಗೆ ಬರುತ್ತಿದ್ದರು.

ಆ ಮೂರು ವಾರ ಏನು ನಡೆಯಿತು? ಆಗಸ್ಟಸ್ ಕೊಡುವ ವಿವರ ಇಷ್ಟೇ: ಅವನು ಪ್ರತಿಜ್ಞೆಗೆ ಸಹಿ ಹಾಕಿದ, ಕುಡಿತ ಬಿಟ್ಟ. ಇದನ್ನು ಓದಿ ‘ಪ್ರೀತಿಯಿಂದ ಹೇಳಿದರೆ ಯಾರಾದರೂ ತಿದ್ದಿಕೊಳ್ಳುತ್ತಾರೆ’ ಎಂಬ ನೀತಿಕಥೆ ಮಾಡುವುದು ಸುಲಭ. ನನಗೆ ಹಾಗೆ ಕಾಣುವುದಿಲ್ಲ. ಆ ಮನುಷ್ಯ ಯಾವ ಸ್ಥಿತಿಯಲ್ಲಿ ಹೊರಬಿದ್ದ ಎಂದು ನೋಡಿ. ತಪ್ಪು ಸಾಬೀತಾಗಿದೆ, ಶಿಕ್ಷೆ ಮಾತ್ರ ಪ್ರಕಟವಾಗಿಲ್ಲ; ಜೈಲಿನ ಬಾಗಿಲು ತೆರೆದೇ ಇದೆ. ಇಷ್ಟೇ ಆಗಿದ್ದರೆ ಅದು ಬೆದರಿಕೆ. ಬೆದರಿಕೆಗೆ ಕುಡುಕ ಹೆದರಿದ್ದರೆ ಹಿಂದಿನ ಜೈಲುಗಳೇ ಸಾಕಾಗುತ್ತಿದ್ದವು. ಅದರ ಜೊತೆಗೆ ಈಗ ಇನ್ನೊಬ್ಬರ ಹಣ ಅವನ ನಡತೆಗೆ ತಗಲಿಹಾಕಿಕೊಂಡಿದೆ. ಅವನು ಓಡಿದರೆ ಬೂಟಿನವರ ಜೇಬು ಹರಿಯುತ್ತದೆ. ಊರು ನಂಬದ ಮನುಷ್ಯನ ಮೇಲೆ ಅಪರಿಚಿತರೊಬ್ಬರು ದುಡ್ಡು ಕಟ್ಟಿದ್ದಾರೆ ಎಂಬುದನ್ನು ನಾವು ಹಗುರವಾಗಿ ತೆಗೆದುಕೊಳ್ಳಬಾರದು. ಹಳ್ಳಿಯಲ್ಲಿ ಒಬ್ಬರ ಮಾತಿನ ಮೇಲೆ ಸಾಲ ಪಡೆದವನು ಬ್ಯಾಂಕಿಗೆ ಹೆದರುವುದಕ್ಕಿಂತ ಮಾತು ಕೊಟ್ಟವರ ಮುಖ ನೋಡಲು ಹೆಚ್ಚು ಹೆದರುತ್ತಾನೆ.

ಇನ್ನು ದಿನದ ಲೆಕ್ಕ. ‘ಇನ್ನೆಂದೂ ಕುಡಿಯುವುದಿಲ್ಲ’ ಎಂಬುದು ಮನುಷ್ಯನ ಕೈಗೆ ಎಟುಕುವ ಗುರಿಯಲ್ಲ. ‘ಇಂಥ ದಿನದವರೆಗೆ’ ಎಂಬುದು ಎಟುಕುತ್ತದೆ. ಇಪ್ಪತ್ತೊಂದು ಬೆಳಗು, ಇಪ್ಪತ್ತೊಂದು ಸಂಜೆ. ನಮ್ಮ ಕಡೆ ಮಾಲೆ ಹಾಕಿದವರು ವ್ರತದ ದಿನಗಳಲ್ಲಿ ಹೆಂಡದಂಗಡಿಯ ಕಡೆ ತಿರುಗಿಯೂ ನೋಡದಿರುವುದು ಇದೇ ಲೆಕ್ಕದಲ್ಲಿ. ವ್ರತ ಮುಗಿದ ಮಾರನೆಯ ದಿನ ಏನಾಗುತ್ತದೆ ಎಂಬುದು ಬೇರೆ ಮಾತು. ಬಾಸ್ಟನ್ನಿನ ವ್ರತಕ್ಕೆ ಕೊನೆಯ ದಿನ ಒಬ್ಬ ನ್ಯಾಯಾಧೀಶ ಕಾದು ಕುಳಿತಿದ್ದ ಎಂಬುದು ವ್ಯತ್ಯಾಸ.

ವಾಯಿದೆಯ ದಿನ ಆಗಸ್ಟಸ್ ತಾವೇ ಅವನನ್ನು ಕರೆದುಕೊಂಡು ಕೋರ್ಟಿಗೆ ಬಂದರು. ಒಂದು ತಿಂಗಳ ಒಳಗೆ ಇದೇ ಜಾಗದಲ್ಲಿ ನಡುಗುತ್ತ ನಿಂತಿದ್ದವನು ಇವನೇ ಎಂದು, ಕಣ್ಣಲ್ಲಿ ಕಣ್ಣಿಟ್ಟು ನೋಡುವ ಅಲ್ಲಿನ ಅಧಿಕಾರಿಗಳಿಗೂ ಗುರುತು ಸಿಗುವಂತಿರಲಿಲ್ಲವಂತೆ. ಇಲ್ಲಿಗೆ ಬರೆದು ನಿಲ್ಲಿಸಿ ಹಿಂತಿರುಗಿ ಓದಿದಾಗ ನನಗೊಂದು ಸಂಗತಿ ಕಣ್ಣಿಗೆ ಬಿತ್ತು. ಆಗಸ್ಟಸ್‌ಗೆ ಬಹುವಚನ, ಈ ಮನುಷ್ಯನಿಗೆ ಏಕವಚನ ಎಂದು ಮೊದಲಿನಿಂದಲೂ ಬರೆದುಕೊಂಡು ಬಂದಿದ್ದೇನೆ. ಯೋಚಿಸಿ ಮಾಡಿದ್ದಲ್ಲ. ನಮ್ಮ ನ್ಯಾಯಾಲಯದಲ್ಲಿ ಆರೋಪಿಯ ಹೆಸರು ಕೂಗುವುದೇ ಏಕವಚನದಲ್ಲಿ, ಬಿಡುಗಡೆಯಾದ ಮೇಲೂ ಅದು ಅವನ ಬೆನ್ನು ಬಿಡುವುದಿಲ್ಲ. ಇಂಗ್ಲಿಷಿನಲ್ಲಿ ಬರೆದ ಆಗಸ್ಟಸ್‌ಗೆ ಈ ತೊಂದರೆ ಇರಲಿಲ್ಲ. ಇರಲಿ, ಇನ್ನು ಮುಂದೆ ತಿದ್ದಿಕೊಳ್ಳುತ್ತೇನೆ.

ಇಬ್ಬರೂ ಕೊಟ್ಟ ವಿವರ ಕೇಳಿ ನ್ಯಾಯಾಧೀಶರಿಗೆ ಸಂತೋಷವಾಯಿತು. ಜೈಲಿನ ಬದಲು ಒಂದು ಸೆಂಟ್ ದಂಡ ವಿಧಿಸಿದರು. ಅದರ ಮೇಲೆ ಕೋರ್ಟ್ ಖರ್ಚು. ಒಟ್ಟು 3 ಡಾಲರ್ 76 ಸೆಂಟ್. ಆಗಿನ ಕೂಲಿಯಾಳಿನ ದಿನದ ಸಂಬಳ ಒಂದು ಡಾಲರಿನ ಆಸುಪಾಸು. ಅಂದರೆ ಅಪರಾಧಕ್ಕೆ ತೆತ್ತದ್ದು ಏನೂ ಅಲ್ಲ, ನ್ಯಾಯಾಲಯಕ್ಕೆ ತೆತ್ತದ್ದು ನಾಲ್ಕು ದಿನದ ಕೂಲಿ. ಈ ಅನುಪಾತ ಮಾತ್ರ ನೂರೆಂಬತ್ತು ವರ್ಷದಲ್ಲಿ ಹೆಚ್ಚೇನೂ ಬದಲಾಗಿಲ್ಲ. ‘ಹಣವನ್ನು ಅಲ್ಲಿಯೇ ಕಟ್ಟಲಾಯಿತು’ ಎಂದು ವರದಿ ಹೇಳುತ್ತದೆ. ಕಟ್ಟಿದವರು ಯಾರೆಂದು ಹೇಳುವುದಿಲ್ಲ. ಮುಂದೆ ಇತರರಿಗೆ ಆಗಸ್ಟಸ್ ಎಷ್ಟೆಷ್ಟು ಕಟ್ಟಿದರು ಎಂಬುದನ್ನು ನೋಡಿದರೆ ಊಹಿಸುವುದು ಕಷ್ಟವಲ್ಲ, ಆದರೂ ಅವರು ಬಾಯಿ ಬಿಡದಿರುವುದು ನನಗೆ ಇಷ್ಟವಾಯಿತು. ಆ ವ್ಯಕ್ತಿ ಮುಂದೆ ದುಡಿಯುತ್ತ, ಕುಡಿಯದೆ ಬಾಳಿದರು ಎಂಬಲ್ಲಿಗೆ ಪ್ಯಾರಾ ಮುಗಿಯುತ್ತದೆ.

ಇಷ್ಟರಿಂದ ಆಗಸ್ಟಸ್ ಹೊಸದೇನು ಮಾಡಿದಂತಾಯಿತು? ಶಿಕ್ಷೆ ತಡೆಹಿಡಿದು ಬಿಡುವುದು ಬಾಸ್ಟನ್ನಿಗೆ ಹೊಸದಾಗಿರಲಿಲ್ಲ. 1830ರಲ್ಲೇ ಅಲ್ಲಿನ ನ್ಯಾಯಾಧೀಶ ಪೀಟರ್ ಆಕ್ಸೆನ್‌ಬ್ರಿಜ್ ಥ್ಯಾಚರ್ ಕಳವಿನ ತಪ್ಪೊಪ್ಪಿಕೊಂಡ ಒಬ್ಬ ಹೆಂಗಸಿಗೆ ಶಿಕ್ಷೆ ಹೇಳದೆ, ಕರೆದಾಗ ಬರಬೇಕು ಎಂದು ಬರೆಸಿಕೊಂಡು ಕಳುಹಿಸಿದ್ದರು. ಆಕೆಯ ಹೆಸರು ಮತ್ತೊಂದು ಕಳವಿನಲ್ಲಿ ಕೇಳಿಬಂತು. ಅದರಿಂದ ಆಕೆ ಖುಲಾಸೆಯಾದರೂ, ಹಳೆಯ ಕಡತ ತೆಗೆದು ಶಿಕ್ಷೆ ಕೊಟ್ಟರು. ಮುಚ್ಚಳಿಕೆ ಬರೆಸಿಕೊಳ್ಳುವ ವಿದ್ಯೆ ಇನ್ನೂ ಹಳೆಯದು; ಇಂಗ್ಲೆಂಡಿನಲ್ಲಿ ಶತಮಾನಗಳಿಂದ ಇತ್ತು, ನಮ್ಮ ಪೊಲೀಸ್ ಠಾಣೆಗಳಲ್ಲೂ ಅದರ ಬಳಕೆ ಯಾರಿಗೆ ಗೊತ್ತಿಲ್ಲ? ಮುಚ್ಚಳಿಕೆ ಕಾಯುವುದು ತಪ್ಪನ್ನು. ಮತ್ತೆ ಸಿಕ್ಕಿಬಿದ್ದಾಗ ಹೊರತೆಗೆಯಲೆಂದು ಅದು ಕಡತದಲ್ಲಿ ಮಲಗಿರುತ್ತದೆ. ಆ ಎರಡು ದಿನಾಂಕಗಳ ನಡುವೆ ಮನುಷ್ಯ ಎಲ್ಲಿ ಮಲಗಿದ, ಏನು ಉಂಡ, ಯಾರ ಜೊತೆ ತಿರುಗಿದ ಎಂದು ಕೇಳುವವರನ್ನು ಸೇರಿಸಿದ್ದು ಆಗಸ್ಟಸ್. ಎಷ್ಟೋ ಮಂದಿಯನ್ನು ಅವರು ಕೋರ್ಟಿನಿಂದ ನೇರ ತಮ್ಮ ಮನೆಗೇ ಕರೆದೊಯ್ದರು. ಕೆಲಸ ಹುಡುಕಿಕೊಟ್ಟರು. ಮಕ್ಕಳಾದರೆ ಶಾಲೆಗೆ ಸೇರಿಸಿದರು. ನ್ಯಾಯಾಲಯ ಕೇಳಿದಾಗಲೆಲ್ಲ ಪಕ್ಷಪಾತವಿಲ್ಲದ ವರದಿ ಕೊಡುತ್ತೇನೆ ಎಂದು ಒಪ್ಪಿಕೊಂಡರು. ಈ ಕೊನೆಯದು ಮುಖ್ಯ. ಸುಳ್ಳು ಹೇಳಿ ಉಳಿಸುವ ಜಾಮೀನುದಾರನ ಮಾತಿಗೆ ಎರಡನೆಯ ಸಲ ಬೆಲೆ ಇರುವುದಿಲ್ಲ.

ಇವರನ್ನು ಎಲ್ಲರೂ ಹಾಡಿ ಹೊಗಳಿದರು ಎಂದುಕೊಳ್ಳಬೇಡಿ. ವಿರೋಧ ಬಂದದ್ದು ಕೋರ್ಟಿನ ಒಳಗಿನಿಂದಲೇ, ಅದರ ಕಾರಣ ತತ್ವಶಾಸ್ತ್ರದ್ದಲ್ಲ. ಕೈದಿಯನ್ನು ಜೈಲಿಗೆ ಸಾಗಿಸುವ ಅಧಿಕಾರಿಗೆ ತಲೆಗೆ ಇಷ್ಟೆಂದು ಫೀಸು ಸಿಗುತ್ತಿತ್ತು. ಕಾಗದಪತ್ರ ಬರೆಯುವ ಗುಮಾಸ್ತನಿಗೆ ಒಂದು ಪಾಲು, ಬೀಗ ತೆಗೆಯುವ ಜೈಲು ಕಾವಲುಗಾರನಿಗೆ ಒಂದು ಪಾಲು. ಆಗಸ್ಟಸ್ ಒಬ್ಬ ಕುಡುಕನನ್ನು ಬಿಡಿಸಿಕೊಂಡು ಹೋದರೆ ಮೂವರ ಜೇಬಿಗೆ ಕತ್ತರಿ. ಅಪರಾಧ ಕಡಿಮೆಯಾದರೆ ಯಾರಿಗೆ ನಷ್ಟ ಎಂಬ ಪ್ರಶ್ನೆಯನ್ನು ಸುಧಾರಣೆಯ ಮಾತಾಡುವವರು ಕೇಳುವುದೇ ಇಲ್ಲ. ಆಗಸ್ಟಸ್ ಕೇಳಿದರು, ಅಂಕಿಸಮೇತ ಬರೆದರು. ಅವರ ಸ್ವಂತ ವ್ಯಾಪಾರವೂ ಸೊರಗಿತು. ಸರ್ಕಾರಕ್ಕೆ ಸಾವಿರಾರು ಡಾಲರ್ ಉಳಿಸಿಕೊಟ್ಟ ಕೆಲಸ ತನ್ನ ಜೇಬನ್ನು ಬರಿದು ಮಾಡಿತು, ಬಡವರಿಗೆ ಜಾಮೀನು ನಿಂತು ದುಡ್ಡು ಮಾಡುವುದು ಅಸಾಧ್ಯ ಎಂದು ಅವರೇ ಹೇಳಿಕೊಂಡಿದ್ದಾರೆ. ಮೊದಮೊದಲು ಯಾರೂ ಒಂದು ಕಾಸು ಕೊಡಲಿಲ್ಲ. ಆಮೇಲೆ ಊರಿನ ಕೆಲವು ಸ್ಥಿತಿವಂತರು ನೆರವಾದರು.

ಸಂದೇಹಕ್ಕೂ ಇಲ್ಲಿ ಜಾಗವಿದೆ. 1858ರವರೆಗೆ ಅವರು ಜಾಮೀನು ನಿಂತದ್ದು 1,152 ಗಂಡಸರಿಗೆ, 794 ಹೆಂಗಸರಿಗೆ. ಒಟ್ಟು 1,946. ಅವರಲ್ಲಿ ಕೈಕೊಟ್ಟು ಜಾಮೀನು ಮುಳುಗಿಸಿದವರು ಹತ್ತೇ ಮಂದಿ ಎಂದು ಹಲವು ಪಠ್ಯಗಳು ಹೇಳುತ್ತವೆ. ಕೇಳಲು ಚೆಂದ. ಆದರೆ ವಾಯಿದೆಗೆ ಹಾಜರಾಗುವುದೂ ಮತ್ತೆ ಅಪರಾಧ ಮಾಡದಿರುವುದೂ ಒಂದೇ ಅಲ್ಲ. ಚಾಚೂ ತಪ್ಪದೆ ಕೋರ್ಟಿಗೆ ಹಾಜರಾಗುವ ಕಳ್ಳರನ್ನು ಯಾವ ವಕೀಲರೂ ತೋರಿಸಿಕೊಡುತ್ತಾರೆ. ಎರಡನೆಯದಾಗಿ, ಆಗಸ್ಟಸ್ ಕಣ್ಣು ಮುಚ್ಚಿಕೊಂಡು ಯಾರನ್ನೂ ಆರಿಸಲಿಲ್ಲ. ಮನುಷ್ಯನ ಹಿಂದಿನ ನಡತೆ, ವಯಸ್ಸು, ಮುಂದೆ ಅವನ ಸುತ್ತ ಎಂಥವರು ಇರುತ್ತಾರೆ ಎಂಬ ಮೂರನ್ನೂ ವಿಚಾರಿಸಿಕೊಂಡೇ ಕೈ ಹಾಕುತ್ತಿದ್ದರು. ಸುಧಾರಿಸುವಂಥವರನ್ನೇ ಆರಿಸಿಕೊಂಡರೆ ಸುಧಾರಣೆ ಕಾಣದೆ ಇರುತ್ತದೆಯೇ? ಅವರು ಕೈ ಹಾಕದೆ ಬಿಟ್ಟವರಲ್ಲಿ ಎಷ್ಟು ಮಂದಿ ತಾವಾಗಿಯೇ ಕುಡಿತ ಬಿಟ್ಟರು ಎಂದು ಯಾರೂ ಎಣಿಸಲಿಲ್ಲ. ಇಂದಿನ ಅಪರಾಧಶಾಸ್ತ್ರಜ್ಞರು ಇನ್ನೊಂದು ತಕರಾರು ತೆಗೆಯುತ್ತಾರೆ: ಅಪಾಯ ಕಡಿಮೆ ಇರುವವರ ಹಿಂದೆ ಬಿದ್ದರೆ ಪ್ರಯೋಜನ ಅಲ್ಪ, ಒಮ್ಮೊಮ್ಮೆ ಕೇಡೂ ಹೌದು, ಹೆಚ್ಚಿನ ನಿಗಾ ಹೆಚ್ಚಿನ ಅಪಾಯ ಇರುವವರಿಗೆ ಇರಲಿ. ಈ ತಕರಾರು ನನಗೆ ಒಪ್ಪಿಗೆ. ಆದರೂ ಆ ಮೊದಲ ಮನುಷ್ಯ ಈ ಸೋಸುವಿಕೆಗೆ ಸಿಕ್ಕವರಲ್ಲ ಎಂಬುದನ್ನು ಮರೆಯಬಾರದು. ಅವರು ಮತ್ತೆ ಮನುಷ್ಯರಾಗುತ್ತಾರೆ ಎಂದು ಅಂದು ಆ ಕೋಣೆಯಲ್ಲಿ ಇನ್ನಾರೂ ನಂಬುವಂತಿರಲಿಲ್ಲ. ವಿಚಾರಿಸಲು ಆಗಸ್ಟಸ್‌ಗೆ ಸಿಕ್ಕಿದ್ದೂ ಕೆಲವೇ ಗಳಿಗೆ.

ಜನ ಅಪರಾಧವನ್ನು ಏಕೆ ಬಿಡುತ್ತಾರೆ ಎಂಬುದಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದೂ ಇದೇ ಬಾಸ್ಟನ್ನಿನಲ್ಲಿ, ನೂರು ವರ್ಷದ ಮೇಲೆ. ಹಾರ್ವರ್ಡ್‌ನ ಗ್ಲೂಕ್ ದಂಪತಿ ಶೆಲ್ಡನ್ ಮತ್ತು ಎಲಿನಾರ್, ಸುಧಾರಣಾ ಶಾಲೆ ಸೇರಿದ್ದ 500 ಹುಡುಗರನ್ನೂ ಸೇರದ 500 ಹುಡುಗರನ್ನೂ ವರ್ಷಗಟ್ಟಲೆ ಹಿಂಬಾಲಿಸಿ ಟಿಪ್ಪಣಿ ಮಾಡಿದ್ದರು. ಆ ಕಾಗದಗಳೆಲ್ಲ ರಟ್ಟಿನ ಪೆಟ್ಟಿಗೆಗಳಲ್ಲಿ ಕಾನೂನು ಶಾಲೆಯ ಗ್ರಂಥಾಲಯದ ನೆಲಮಾಳಿಗೆ ಸೇರಿದವು. 1980ರ ದಶಕದಲ್ಲಿ ಅವು ಜಾನ್ ಲಾಬ್ ಎಂಬ ವಿದ್ವಾಂಸರ ಕಣ್ಣಿಗೆ ಬಿದ್ದವು. ಅವರೂ ರಾಬರ್ಟ್ ಸ್ಯಾಂಪ್ಸನ್ ಅವರೂ ಸೇರಿ ಸುಧಾರಣಾ ಶಾಲೆ ಸೇರಿದ್ದ ಆ ಹುಡುಗರ ಬದುಕನ್ನು ಎಪ್ಪತ್ತರ ವಯಸ್ಸಿನವರೆಗೂ ಜಾಲಾಡಿದರು. ಬಾಲ್ಯದಲ್ಲಿ ಒಂದೇ ದಾರಿ ಹಿಡಿದಿದ್ದವರು ಮುಂದೆ ಬೇರೆಯಾದದ್ದು ನೆಲೆಯಾದ ನೌಕರಿಯಿಂದ, ಗಟ್ಟಿಯಾದ ದಾಂಪತ್ಯದಿಂದ, ಕೆಲವರಿಗೆ ಸೈನ್ಯದ ಸೇವೆಯಿಂದ ಎಂದು ಕಂಡುಕೊಂಡರು. ದಿನಚರಿ ಬದಲಾಗುತ್ತದೆ, ಹಳೆಯ ಗೆಳೆಯರು ದೂರವಾಗುತ್ತಾರೆ, ಕಾಯುವ ಕಣ್ಣೊಂದು ಮನೆಯಲ್ಲಿರುತ್ತದೆ. ‘ಒಂದು ಮದುವೆ ಮಾಡಿ, ಎಲ್ಲ ಸರಿಹೋಗುತ್ತಾನೆ’ ಎನ್ನುವ ನಮ್ಮ ಅಜ್ಜಿಯರು ಇದನ್ನು ಅರ್ಧ ತಿಳಿದಿದ್ದರು. ಆ ಮದುವೆಯಲ್ಲಿ ಹೆಣ್ಣಿನ ಪಾಡೇನು ಎಂಬ ಉಳಿದರ್ಧವನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನೌಕರಿಯನ್ನಾದರೂ ಪ್ರೊಬೇಷನ್ ಕೊಡಿಸಬಲ್ಲದು. ಜೈಲು ಮಾಡುವುದು ಇದರ ತದ್ವಿರುದ್ಧ: ಇದ್ದ ಕೆಲಸ ಕಳೆಯುತ್ತದೆ, ಹೊಸ ಗೆಳೆಯರನ್ನು ಕೊಡುತ್ತದೆ.

ಆಗಸ್ಟಸ್ 1859ರಲ್ಲಿ ತೀರಿಕೊಂಡರು. ಅವರು ಪುಕ್ಕಟೆ ಮಾಡಿದ ಕೆಲಸಕ್ಕೆ ಮ್ಯಾಸಚೂಸೆಟ್ಸ್ ಸರ್ಕಾರ 1878ರಲ್ಲಿ ಕಾನೂನು ಮಾಡಿ ಸಂಬಳದ ಹುದ್ದೆ ಸೃಷ್ಟಿಸಿತು. ಆ ಹುದ್ದೆಗೆ ಮೊದಲು ಬಂದವರು ಎಡ್ವರ್ಡ್ ಸ್ಯಾವೇಜ್, ಬಾಸ್ಟನ್ನಿನ ಮಾಜಿ ಪೊಲೀಸ್ ಮುಖ್ಯಸ್ಥರು! ಈ ಕೆಲಸ ಪೊಲೀಸರಿಂದ ಬೇರೆ ಇರಬೇಕು ಎಂದು ಸರ್ಕಾರಕ್ಕೆ ಹೊಳೆಯಲು 1891 ಬರಬೇಕಾಯಿತು. ಇಂಗ್ಲೆಂಡಿನಲ್ಲಿ ಇದೇ ಕಥೆ ಇನ್ನೊಬ್ಬ ಕುಶಲಕರ್ಮಿಯಿಂದ ಶುರುವಾಗುತ್ತದೆ. 1876ರಲ್ಲಿ ಫ್ರೆಡರಿಕ್ ರೈನರ್ ಎಂಬ ಮುದ್ರಕ ಪಾನನಿಷೇಧದ ಚರ್ಚ್ ಸಂಘವೊಂದಕ್ಕೆ ಐದು ಶಿಲಿಂಗ್ ಕೊಟ್ಟು, ಕೋರ್ಟಿಗೆ ಬರುವ ಕುಡುಕರಿಗೆ ಏನಾದರೂ ಮಾಡಿ ಎಂದ. 1907ರ ಹೊತ್ತಿಗೆ ಅಲ್ಲಿಯೂ ಕಾಯ್ದೆ ಬಂತು. ಅಧಿಕಾರಿಯ ಕರ್ತವ್ಯವನ್ನು ಆ ಕಾಯ್ದೆ ಮೂರು ಕ್ರಿಯಾಪದಗಳಲ್ಲಿ ಹೇಳುತ್ತದೆ: ಬುದ್ಧಿ ಹೇಳು, ನೆರವಾಗು, ಸ್ನೇಹ ಮಾಡು. ಸ್ನೇಹ ಮಾಡು ಎಂದು ಆಜ್ಞೆ ಮಾಡುವ ಇನ್ನೊಂದು ಕಾನೂನನ್ನು ನಾನು ಓದಿಲ್ಲ.

ನಮ್ಮ ಕೇಂದ್ರದ ಪ್ರೊಬೇಷನ್ ಕಾಯ್ದೆ 1958ರದ್ದು. ಅದರ 4ನೇ ಕಲಂ ಓದಿದರೆ ಬಾಸ್ಟನ್ನಿನ ಆ ಬೆಳಗ್ಗೆ ಕನ್ನಡಿಯಲ್ಲಿ ಕಾಣುತ್ತದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧ ಅಲ್ಲದಿದ್ದರೆ, ಪ್ರಕರಣದ ಸಂದರ್ಭವನ್ನೂ ಅಪರಾಧಿಯ ನಡತೆಯನ್ನೂ ನೋಡಿ, ಶಿಕ್ಷೆ ವಿಧಿಸುವ ಬದಲು ಮುಚ್ಚಳಿಕೆಯ ಮೇಲೆ ಬಿಡಬಹುದು. ಗರಿಷ್ಠ ಮೂರು ವರ್ಷದ ಅವಧಿಯಲ್ಲಿ ಕರೆದಾಗ ಬಂದು ಶಿಕ್ಷೆ ಸ್ವೀಕರಿಸಬೇಕು, ಅಲ್ಲಿಯವರೆಗೆ ಸನ್ನಡತೆಯಿಂದಿರಬೇಕು. ಒಂದು ಷರತ್ತು ಇದೆ: ಅಪರಾಧಿಗೆ ಅಥವಾ ಅವರ ಜಾಮೀನುದಾರರಿಗೆ ಗೊತ್ತಾದ ವಾಸಸ್ಥಳವೋ ಕಾಯಂ ಕಸುಬೋ ಇರಬೇಕು. ‘ಅಥವಾ’ ಎಂಬ ಆ ಪುಟ್ಟ ಪದ ಇಲ್ಲದಿದ್ದರೆ ಚಿಂದಿ ಬಟ್ಟೆಯವರಿಗೆ ಬಾಗಿಲು ಮುಚ್ಚಿದಂತೆಯೇ. ಅವರಿಗೆ ವಿಳಾಸ ಇರಲಿ ಬಿಡಲಿ, ಬೂಟಿನ ಅಂಗಡಿಗೆ ಇತ್ತಲ್ಲ. 21 ವರ್ಷ ತುಂಬದವರನ್ನು ಜೈಲಿಗೆ ಕಳುಹಿಸಬೇಕೆಂದರೆ ನ್ಯಾಯಾಧೀಶರು ಕಾರಣ ಬರೆಯಬೇಕು ಎನ್ನುತ್ತದೆ 6ನೇ ಕಲಂ. ಕೆಲಸ ಹುಡುಕಿಕೊಡಲು ಪ್ರಯತ್ನಿಸುವುದು ಅಧಿಕಾರಿಯ ಕರ್ತವ್ಯ ಎನ್ನುತ್ತದೆ 14ನೆಯದು. ಷರತ್ತನ್ನು ಮೊದಲ ಸಲ ಮುರಿದರೆ ಒಳಗೆ ತಳ್ಳಲೇಬೇಕೆಂದಿಲ್ಲ, 50 ರೂಪಾಯಿ ಮೀರದ ದಂಡ ಹಾಕಿ ಮುಂದುವರಿಸಬಹುದು ಎನ್ನುತ್ತದೆ 9ನೆಯದು. ಎಡವುವುದನ್ನು ಮೊದಲೇ ಲೆಕ್ಕಕ್ಕೆ ಹಿಡಿದ ಕಾನೂನು ಇದು. 1964ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೆ. ಸುಬ್ಬರಾವ್ ಇದನ್ನು ಮೈಲಿಗಲ್ಲು ಎಂದು ಕರೆದರು.

ಮೈಲಿಗಲ್ಲು ರಸ್ತೆ ಬದಿಯಲ್ಲೇ ನಿಂತಿದೆ, ಬಂಡಿ ಮಾತ್ರ ಅದನ್ನು ದಾಟಿ ಹೆಚ್ಚು ದೂರ ಹೋಗಿಲ್ಲ. ಪ್ರೊಬೇಷನ್ ಅಧಿಕಾರಿಯನ್ನು ಕನ್ನಡದಲ್ಲಿ ನಾವು ಪರಿವೀಕ್ಷಣಾಧಿಕಾರಿ ಎನ್ನುತ್ತೇವೆ. ಬಾಲ ನ್ಯಾಯ ಮಂಡಳಿಯಲ್ಲಿ ಅವರು ಕಾಣಸಿಗುತ್ತಾರೆ, ಮಗುವಿನ ಮನೆಗೆ ಹೋಗಿ ಸಾಮಾಜಿಕ ತನಿಖಾ ವರದಿ ತರುತ್ತಾರೆ. ದೊಡ್ಡವರ ಪ್ರಕರಣದಲ್ಲಿ ನಾನು ಕಂಡಂತೆ, 4ನೇ ಕಲಂ ವಕೀಲರಿಗೆ ನೆನಪಾಗುವುದು ತಪ್ಪು ಸಾಬೀತಾಗಿ ಶಿಕ್ಷೆಯ ಪ್ರಮಾಣದ ಬಗ್ಗೆ ಹೇಳುವುದೇನಾದರೂ ಇದೆಯೇ ಎಂದು ನ್ಯಾಯಾಧೀಶರು ಕೇಳಿದಾಗ. ‘ಮೊದಲ ತಪ್ಪು ಸ್ವಾಮಿ, ಮನೆಗೆ ಆಧಾರ ಇವನೇ’ ಎನ್ನುತ್ತೇವೆ. ನಾನೂ ಎಷ್ಟೋ ಸಲ ಅಷ್ಟೇ ಹೇಳಿ ಕುಳಿತಿದ್ದೇನೆ. ವರದಿ ತರಿಸಿದರೂ ಅದರಲ್ಲಿ ಇರುವುದು ‘ಸದರಿ ಆರೋಪಿಯು ನೆರೆಹೊರೆಯವರೊಂದಿಗೆ ಅನ್ಯೋನ್ಯವಾಗಿರುತ್ತಾನೆ, ನಡತೆ ತೃಪ್ತಿಕರ’ ಎಂಬ ಅಚ್ಚೊತ್ತಿದ ಸಾಲಾದರೆ ಏನು ಬಂತು? ‘ಬೆಳಗಿನ ನಾಲ್ಕಕ್ಕೆ ಮಾರುಕಟ್ಟೆಯಲ್ಲಿ ಸೊಪ್ಪಿನ ಮೂಟೆ ಇಳಿಸುತ್ತಾನೆ, ಮಂಡಿಯವರನ್ನು ಕಂಡು ವಿಚಾರಿಸಿದೆ, ಇಟ್ಟುಕೊಳ್ಳಲು ಒಪ್ಪಿದ್ದಾರೆ, ಅಣ್ಣನ ಜೊತೆ ಮಾತಿಲ್ಲ’ ಎಂಬ ಒಂದು ಸಾಲು ಅಂಥ ಹತ್ತು ಪುಟಕ್ಕೆ ಸಮ. ಆದರೆ ಅದನ್ನು ಬರೆಯಲು ನಾಲ್ಕು ಗಂಟೆಗೆ ಮಾರುಕಟ್ಟೆಗೆ ಹೋಗಬೇಕು.

ನಮ್ಮಲ್ಲೂ ಕುಡಿದು ರಸ್ತೆಯಲ್ಲಿ ಗಲಾಟೆ ಮಾಡಿದವರ ಬೆಂಚು ಇದ್ದೇ ಇದೆ. ಹಳೆಯ ದಂಡ ಸಂಹಿತೆಯ 510ನೇ ಕಲಂನಲ್ಲಿ ಅದಕ್ಕೆ 24 ಗಂಟೆ ಸೆರೆ ಇಲ್ಲವೇ 10 ರೂಪಾಯಿ ದಂಡ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 355ನೇ ಕಲಂ ದಂಡವನ್ನು 1,000 ರೂಪಾಯಿಗೆ ಏರಿಸಿದೆ, ಜೊತೆಗೆ ಸಮುದಾಯ ಸೇವೆ ಎಂಬ ಹೊಸ ಬಾಗಿಲನ್ನೂ ತೆರೆದಿದೆ. ಆಸ್ಪತ್ರೆಯ ಅಂಗಳ ಗುಡಿಸಿಸುವುದಕ್ಕೆ ಅದು ಮುಗಿದುಹೋಗುತ್ತದೆಯೋ, ಗುಡಿಸಿದವರ ಜೊತೆ ಯಾರಾದರೂ ನಾಲ್ಕು ಮಾತಾಡುತ್ತಾರೆಯೋ ಎಂಬುದರ ಮೇಲೆ ಅದರ ಫಲ ನಿಂತಿದೆ.

ಇದೇ ಏರ್ಪಾಡು ಹಾದಿ ತಪ್ಪುವುದೂ ಉಂಟು. ಅಮೆರಿಕದಲ್ಲಿ ಇಂದು ಸುಮಾರು 30 ಲಕ್ಷ ಜನ ಪ್ರೊಬೇಷನ್ ಮೇಲಿದ್ದಾರೆ. ವರ್ಷಗಟ್ಟಲೆ ಅವಧಿ, ಪುಟಗಟ್ಟಲೆ ಷರತ್ತು, ತಿಂಗಳ ಶುಲ್ಕ. ಹೊಸ ಅಪರಾಧ ಏನೂ ಮಾಡದೆ, ಭೇಟಿಯ ದಿನ ತಪ್ಪಿಸಿದ್ದಕ್ಕೆ, ಹೇಳದೆ ಊರು ಬಿಟ್ಟದ್ದಕ್ಕೆ ಜೈಲು ಸೇರಿದವರಿದ್ದಾರೆ. ಬೂಟಿನವರು ಹಾಕಿದ್ದು ಒಂದು ಷರತ್ತು, ಕೋರ್ಟು ಕೊಟ್ಟದ್ದು ಒಂದು ತಾರೀಖು. ಒಬ್ಬ ಅಧಿಕಾರಿಯ ಮೇಜಿನ ಮೇಲೆ ನೂರು ಕಡತ ಇದ್ದಾಗ, ಸ್ನೇಹ ಮಾಡುವುದಕ್ಕಿಂತ ತಪ್ಪು ಹಿಡಿಯುವುದು ಸುಲಭ.

ಕೊನೆಗೊಮ್ಮೆ ಆ ವರದಿಗೆ ಮರಳುತ್ತೇನೆ. 1847ರಲ್ಲಿ ಆಗಸ್ಟಸ್ ಏಳರಿಂದ ಹದಿನೈದು ವರ್ಷದ ಹತ್ತೊಂಬತ್ತು ಹುಡುಗರಿಗೆ ಜಾಮೀನು ನಿಂತರು. ಈ ಸಲ ಮೂರು ವಾರ ಸಾಲದು ಎಂದು ಅವರಿಗೂ ನ್ಯಾಯಾಲಯಕ್ಕೂ ಒಪ್ಪಂದವಾಯಿತು. ತಿಂಗಳಿಗೊಂದು ವಾಯಿದೆ, ಪ್ರತಿ ವಾಯಿದೆಗೂ ಅವರು ಬಂದು ಹುಡುಗರ ವರದಿ ಕೊಡುವುದು, ಪ್ರಕರಣ ಮುಂದಕ್ಕೆ ಹೋಗುವುದು. ಹೀಗೆ ಐದಾರು ತಿಂಗಳು ಕಳೆದು, ಹನ್ನೆರಡು ಹುಡುಗರನ್ನು ಒಟ್ಟಿಗೆ ಕರೆತಂದು ನ್ಯಾಯಾಧೀಶರ ಮುಂದೆ ನಿಲ್ಲಿಸಿದರು. ಮೊದಲ ದಿನ ಕಂಡ ಮುಖಗಳೇ ಇವು ಎಂದು ನ್ಯಾಯಾಧೀಶರಿಗೆ ಆಶ್ಚರ್ಯವಾಯಿತು. ಕಾನೂನಿನ ಉದ್ದೇಶ ಈಡೇರಿದೆ ಎಂದರು. ಕಡತ ಮುಚ್ಚಲು ಹೆಸರಿಗೊಂದು ದಂಡ ಬೇಕಲ್ಲ, ತಲೆಗೆ ಹತ್ತು ಸೆಂಟ್ ಹಾಕಿದರು. ಅವರಲ್ಲಿ ಏಳು ಹುಡುಗರ ಬಳಿ ಆ ಹತ್ತು ಸೆಂಟೂ ಇರಲಿಲ್ಲ. ಕಟ್ಟಿದವರು ಯಾರು ಎಂದು ಈ ಸಲ ಆಗಸ್ಟಸ್ ಬರೆದಿದ್ದಾರೆ: ನಾನೇ ಕಟ್ಟಿದೆ. ಆ ಹುಡುಗರಲ್ಲಿ ಒಬ್ಬನೂ ಮಾತಿಗೆ ತಪ್ಪಿಲ್ಲ ಎಂದೂ ಬರೆದಿದ್ದಾರೆ. ಅದರ ಮುಂದೆ ‘ಇದುವರೆಗೆ’ ಎಂಬ ಪದವನ್ನು ಸೇರಿಸಿದ್ದಾರೆ.